ಹತ್ತನೆಯ ಕಡ್ಡಿ

ಇನ್ನೂ ನಾನೂರ ಹತ್ತು ಮೀಟರು ಎಂದು ಮಗಳ ಮೊಬೈಲು ತೋರಿಸುತ್ತಿತ್ತು. ಮೀಟರಿನ ಲೆಕ್ಕ ಪ್ರಭುಸ್ವಾಮಿಯ ತಲೆಗೆ ಇವತ್ತಿಗೂ ನೇರವಾಗಿ ಇಳಿಯುವುದಿಲ್ಲ. ಮೂವತ್ತಮೂರು ಅಡಿಗೆ ಒಂದು ಸರಪಳಿ ಎಂದು ಒಳಗೊಳಗೇ ಭಾಗಿಸಿಕೊಂಡು, ನಲವತ್ತೊಂದು ಸರಪಳಿಗೆ ಚೂರು ಕಮ್ಮಿ ಎಂದುಕೊಂಡ. ಮಾಂಬಳ್ಳಿ ದಾಟಿ ಕಾರು ನಿಲ್ಲಿಸಿ ಈ ಓಣಿಗೆ ಇಳಿದು ಹತ್ತು ನಿಮಿಷವಾಗಿತ್ತು. ದಿವ್ಯ ಮೊಬೈಲನ್ನು ಅಂಗೈಯಲ್ಲಿ ಮಂಗಳಾರತಿ ತಟ್ಟೆಯ ಹಾಗೆ ಹಿಡಿದು ಮುಂದೆ ಮುಂದೆ ಹೋಗುತ್ತಿದ್ದಳು. ಅವನ ಹೆಗಲಿನ ಬಟ್ಟೆ ಚೀಲದಲ್ಲಿ ನೀರಿನ ಬಾಟಲಿ, ಹೆಂಡತಿ ಮಾಲಿನಿ ಕಟ್ಟಿಕೊಟ್ಟ ನಿಪ್ಪಟ್ಟು, ಅವೆರಡರ ಕೆಳಗೆ ಹಳೆಯ ಪೇಪರಿನಲ್ಲಿ ಸುತ್ತಿದ ಒಂದು ಮೊಳದ ಕಬ್ಬಿಣದ ಕಡ್ಡಿ. ಕಡ್ಡಿಯ ವಿಷಯ ಮಗಳಿಗೆ ಗೊತ್ತಿಲ್ಲ, ಹೆಂಡತಿಗೂ ಗೊತ್ತಿಲ್ಲ. ಮೂವತ್ತೆಂಟು ವರ್ಷ ಟ್ರಂಕಿನ ತಳದಲ್ಲಿದ್ದದ್ದನ್ನು ಇವತ್ತು ಬೆಳಿಗ್ಗೆ, ಯಾರೂ ನೋಡದಾಗ, ಕಳ್ಳನ ಹಾಗೆ ತೆಗೆದು ಚೀಲಕ್ಕೆ ಹಾಕಿಕೊಂಡಿದ್ದ. ಅದನ್ನು ಯಾರ ಕೈಗೆ ಒಪ್ಪಿಸಬೇಕಿತ್ತೋ ಆ ಚಿಕ್ಕಸಿದ್ದಯ್ಯ ತೀರಿಕೊಂಡು ಹದಿನಾರು ವರ್ಷ. ಆದರೂ ಆ ಹೊಲದಲ್ಲಿ ನಿಂತು, ಅಲ್ಲಿರುವವರು ಯಾರೇ ಆಗಲಿ, ತಪ್ಪು ನನ್ನದು ಎಂದು ಒಂದು ಮಾತು ಹೇಳಿಬಿಡಬೇಕು ಎಂದು ಬೆಳಿಗ್ಗೆ ಅನ್ನಿಸಿತ್ತು. ಈಗ ಮಧ್ಯಾಹ್ನದ ಬಿಸಿಲಿನಲ್ಲಿ ಆ ಧೈರ್ಯ ಬೆವರಿನ ಜೊತೆಗೇ ಇಳಿದುಹೋಗುತ್ತಿತ್ತು.

ಹುಡುಕಾಟದ ಈ ಹುಚ್ಚನ್ನು ದಿವ್ಯಳಿಗೆ ಹತ್ತಿಸಿದವರು ಚಾಮರಾಜನಗರದ ಬ್ಯಾಂಕಿನಲ್ಲಿ ಅವಳ ಜೊತೆ ಕೆಲಸ ಮಾಡುವವರು. ಜಿಯೋಕ್ಯಾಶಿಂಗ್ ಅಂತೆ. ಯಾರೋ ಪುಣ್ಯಾತ್ಮರು ಒಂದು ಡಬ್ಬಿಯನ್ನು ಮರದ ಪೊಟರೆಯಲ್ಲೋ ಕಲ್ಲಿನ ಸಂದಿಯಲ್ಲೋ ಬಚ್ಚಿಟ್ಟು, ಅದು ಇರುವ ಜಾಗದ ಅಕ್ಷಾಂಶ ರೇಖಾಂಶಗಳನ್ನು ಲೋಕಕ್ಕೆಲ್ಲ ಸಾರುತ್ತಾರಂತೆ. ಮಿಕ್ಕವರು ಮೊಬೈಲು ಹಿಡಿದು ಹೋಗಿ, ಡಬ್ಬಿ ಹುಡುಕಿ, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಇದ್ದ ಹಾಗೆಯೇ ಮುಚ್ಚಿಟ್ಟು ಬರುತ್ತಾರಂತೆ. ಡಬ್ಬಿಯಿಂದ ಏನಾದರೂ ತೆಗೆದುಕೊಂಡರೆ ಏನಾದರೂ ಬಿಟ್ಟು ಬರಬೇಕು, ಅದು ನೇಮ. "ಇಷ್ಟೇನಾ? ಸರ್ಕಾರದ ಸಂಬಳ ತಗೊಂಡು ಇದನ್ನೇ ಮೂವತ್ತನಾಲ್ಕು ವರ್ಷ ಮಾಡಿದೆನಲ್ಲೇ" ಎಂದು ಸರ್ವೆ ಇಲಾಖೆಯಿಂದ ನಿವೃತ್ತನಾದ ಅಪ್ಪ ನಕ್ಕಿದ್ದ. ಮಾಲಿನಿ ಒಗ್ಗರಣೆ ಸೌಟು ಹಿಡಿದುಕೊಂಡೇ ಅಡಿಗೆಮನೆಯಿಂದ ಇಣುಕಿ, "ಕಳ್ಕೊಂಡಿದ್ದನ್ನ ಹುಡುಕೋಕೆ ಹೋಗೋರನ್ನ ಕಂಡಿದ್ದೀನಿ. ಬೇರೆಯೋರು ಬಚ್ಚಿಟ್ಟಿದ್ದನ್ನ ಹುಡುಕೋಕೆ ಬಿಸಿಲಲ್ಲಿ ಹೋಗೋ ಅಪ್ಪ ಮಗಳನ್ನ ಇವತ್ತೇ ನೋಡ್ತಿರೋದು" ಎಂದಿದ್ದಳು. ಆ ನಗುವಿನ ನಡುವೆಯೇ ದಿವ್ಯ ಮೊಬೈಲನ್ನು ಅವನ ಮೂಗಿನ ಹತ್ತಿರ ಹಿಡಿದದ್ದು. ಆಕಾಶದಿಂದ ತೆಗೆದ ಚಿತ್ರ. ಒಂದು ಓಣಿ, ಓಣಿಗೆ ತಾಗಿದ ಹೊಲ, ಹೊಲದ ಆ ತುದಿಯಲ್ಲಿ ಕೊಡೆ ಬಿಚ್ಚಿಟ್ಟ ಹಾಗೆ ಒಂದು ದೊಡ್ಡ ಹುಣಸೆಮರ. ತಾನು ಒಮ್ಮೆ ಕಾಲಲ್ಲಿ ನಡೆದು ಅಳೆದದ್ದು ಮೇಲಿನಿಂದ ನೋಡಿದರೂ ಗುರುತು ಹತ್ತುತ್ತದೆ. ಪ್ರಭುಸ್ವಾಮಿಯ ನಗು ಅಲ್ಲಿಗೇ ನಿಂತಿತ್ತು.

ಮೊದಲ ಡಬ್ಬಿ ಮನೆಯ ಹತ್ತಿರದಲ್ಲೇ, ಕೊಳ್ಳೇಗಾಲದ ಮರಡಿಗುಡ್ಡದ ಮೆಟ್ಟಿಲ ಪಕ್ಕ ಕಾಲು ಗಂಟೆಯಲ್ಲಿ ಸಿಕ್ಕಿತ್ತು. ದಿವ್ಯ ಚಪ್ಪಾಳೆ ತಟ್ಟಿದ್ದಳು, ಅವನೂ ತಟ್ಟಿದ್ದ, ಆದರೆ ಮನಸ್ಸೆಲ್ಲ ಈ ಓಣಿಯಲ್ಲಿತ್ತು. ಆಗ ಎರಡೂ ಪಕ್ಕ ಕತ್ತಾಳೆ ಬೇಲಿ, ಈಗ ತಂತಿ. ಬಿಳಿಗಿರಿರಂಗನ ಬೆಟ್ಟ ಮಾತ್ರ ಇದ್ದಲ್ಲೇ ಇತ್ತು. "ಗೆರೆ ಸೊಟ್ಟ ಓಗ್ಬಾರ್ದು ಅಂದ್ರೆ ಆ ಬಿಳೀ ಬಂಡೆಗೆ ಕಣ್ ಮಡಗಿ ಸಾ, ಕಾಲ್ ತಾನಾಗೇ ಓಯ್ತದೆ" ಎಂದು ಹೇಳಿಕೊಟ್ಟವನು ಚಿಕ್ಕಸಿದ್ದಯ್ಯ. ಇಲಾಖೆಯ ಸರಪಳಿ ಎಳೆಯುವವನು. ಯಾವ ಓಣಿ ಯಾವ ಕಾಲದಲ್ಲಿ ಎಷ್ಟು ಅಗಲವಿತ್ತು ಎಂದು ಆಫೀಸಿನ ಕಡತಕ್ಕೆ ಗೊತ್ತಿಲ್ಲದಿದ್ದರೂ ಅವನಿಗೆ ಗೊತ್ತಿರುತ್ತಿತ್ತು. ಪ್ರಭುಸ್ವಾಮಿ ಕೊಳ್ಳೇಗಾಲದವನು, ಅಪ್ಪನ ಕಾಲದಿಂದ ಜಮೀನನ್ನು ಸೆಂಟಿನಲ್ಲಿ ಎಣಿಸಿ ಗೊತ್ತಿದ್ದವನು. ಯಳಂದೂರಿನ ಗುಂಟೆ, ಆಣೆಗಳ ಲೆಕ್ಕವನ್ನು ಅವನಿಗೆ ಬಾಯಿಪಾಠ ಮಾಡಿಸಿದವನೂ ಚಿಕ್ಕಸಿದ್ದಯ್ಯನೇ. ಇಬ್ಬರಿಗೂ ಒಂದೇ ಸೈಕಲ್ಲು. ಇವನು ತುಳಿಯುವುದು, ಅವನು ತೊಡೆಯ ಮೇಲೆ ಸರಪಳಿ ಇಟ್ಟುಕೊಂಡು ಹಿಂದೆ ಕೂರುವುದು, ಹಳ್ಳಕೊಳ್ಳ ಬಂದಾಗಲೆಲ್ಲ ಆ ಸರಪಳಿ ಝಲ್ ಎನ್ನುವುದು. ಬೆಳಗಿನ ಗಾಳಿ, ಗದ್ದೆಯ ಹಸಿ ವಾಸನೆ, ಹಿಂದಿನಿಂದ ಬೀಡಿಯ ಹೊಗೆ. ಅಷ್ಟು ಹಗುರವಾಗಿ ತಾನು ಆಮೇಲೆ ಯಾವತ್ತೂ ಯಾವ ಆಫೀಸಿಗೂ ಹೋಗಲಿಲ್ಲ ಎಂದು ಪ್ರಭುಸ್ವಾಮಿಗೆ ಈಗ ಅನ್ನಿಸಿತು. ಊರು ಇನ್ನೊಂದು ಫರ್ಲಾಂಗು ಇದೆ ಎನ್ನುವಾಗ ಚಿಕ್ಕಸಿದ್ದಯ್ಯ ತಾನಾಗಿಯೇ ಇಳಿದು ಹಿಂದೆ ನಡೆದುಬರುತ್ತಿದ್ದ. ಸಾಹೇಬರು ಸರಪಳಿಯವನನ್ನು ಕೂರಿಸಿಕೊಂಡು ತುಳಿಯುವುದನ್ನು ಊರವರು ನೋಡಬಾರದಲ್ಲ. ಕೂತೇ ಇರು ಸಿದ್ದಯ್ಯ ಎಂದು ಇವನು ಒಂದು ದಿನವೂ ಹೇಳಲಿಲ್ಲ. ಹೇಳಬಹುದಿತ್ತು. ಇಪ್ಪತ್ತಾರು ವರ್ಷದವನಿಗೆ ಹೊಳೆಯಲಿಲ್ಲ ಎನ್ನುವುದು ಸುಳ್ಳು. ಹೊಳೆದಿತ್ತು, ನಾಲಿಗೆ ಏಳಲಿಲ್ಲ.

"ಅಪ್ಪಾ, ಎಡಕ್ಕೆ ತೋರಿಸ್ತಿದೆ" ಎಂದಳು ದಿವ್ಯ. "ಗೊತ್ತು, ನಡಿ" ಎಂದ. ಹೊಲದ ಮೂಲೆಯಲ್ಲಿ ಓಣಿಗೆ ಅಂಟಿಕೊಂಡು ಮೊದಲ ಕಲ್ಲು ಇತ್ತು, ಅರ್ಧ ಹೂತುಹೋಗಿ, ನೆತ್ತಿ ಮಾತ್ರ ಕಾಣುತ್ತಿತ್ತು. ಅವತ್ತು ಅಳತೆ ಶುರುವಾಗಿದ್ದು ಇಲ್ಲಿಂದ. ಈಚೆ ಹೊಲ ಗಂಡನನ್ನು ಕಳೆದುಕೊಂಡ ಚಿಕ್ಕಬಸಮ್ಮನದು, ಆಚೆಯದು ದೊಡ್ಡ ರೈತ ಪುಟ್ಟಮಾದಪ್ಪನದು. ನಡುವಿನ ಗಡಿಕಲ್ಲು ಬಿದ್ದುಹೋಗಿ ಗೆರೆ ಎಲ್ಲಿ ಎಂದು ಇಬ್ಬರಿಗೂ ತಿಳಿಯದೆ, ಅಳೆದುಕೊಡಿ ಎಂದು ಅರ್ಜಿ ಕೊಟ್ಟಿದ್ದರು. ದಾಖಲೆಯಲ್ಲಿ ಚಿಕ್ಕಬಸಮ್ಮನ ಹೊಲ ಓಣಿಯಿಂದ ಎಂಟು ಸರಪಳಿ. ಕೆಲಸ ಬಹಳ ಸುಲಭದ್ದು. ಮುಂದೆ ಮಹದೇವು ಎನ್ನುವವನು ಹತ್ತು ಕಡ್ಡಿ ಹಿಡಿದು ಸರಪಳಿಯ ತುದಿ ಎಳೆದುಕೊಂಡು ಹೋಗುವುದು, ಒಂದೊಂದು ಸರಪಳಿ ಮುಗಿದಾಗಲೂ ಒಂದೊಂದು ಕಡ್ಡಿ ನೆಡುವುದು. ಹಿಂದಿನಿಂದ ಚಿಕ್ಕಸಿದ್ದಯ್ಯ ಅದನ್ನು ಕಿತ್ತುಕೊಳ್ಳುತ್ತ ಬರುವುದು. ಹಿಂದಿನವನ ಕೈಯಲ್ಲಿ ಎಷ್ಟು ಕಡ್ಡಿಯೋ ಅಷ್ಟು ಸರಪಳಿ. ಎಣಿಕೆ ತಪ್ಪಲು ದಾರಿಯೇ ಇಲ್ಲ. ಆದರೆ ಅವತ್ತು ಮಧ್ಯಾಹ್ನ ಪುಟ್ಟಮಾದಪ್ಪನ ಮನೆಯಲ್ಲಿ ಸಾಹೇಬರಿಗೆ ಒಳಗೆ ಎಲೆ, ಚಿಕ್ಕಸಿದ್ದಯ್ಯನಿಗೆ ಹಿತ್ತಲಲ್ಲಿ ಎಲೆ. ಮುದ್ದೆ ಮುರಿಯುತ್ತ ಪುಟ್ಟಮಾದಪ್ಪ ಯಾವ ಕೆಟ್ಟ ಮನಸ್ಸೂ ಇಲ್ಲದೆ, "ಸಾಯೇಬ್ರು ಒಸಬ್ರು, ಆದ್ರೂ ಯೋಚ್ನೆ ಇಲ್ಲ ಬುಡಿ, ಸಿದ್ದಯ್ಯ ಜೊತ್ಗವ್ನೆ, ಅವ್ನೇ ಅಳ್ದಂಗೆ" ಎಂದಿದ್ದ. ಆ ಮಾತು ಮುದ್ದೆಯ ಜೊತೆ ಗಂಟಲಲ್ಲಿ ಇಳಿಯಲಿಲ್ಲ.

ಊಟ ಮುಗಿಸಿ ಅಳೆಯಲು ಬಂದರು. ಹುಣಸೆಮರ ದಾಟಿದ ಮೇಲೆ ಚಿಕ್ಕಸಿದ್ದಯ್ಯ ಕೈಯಲ್ಲಿದ್ದ ಕಡ್ಡಿಗಳನ್ನು ಹರಡಿ ತೋರಿಸಿ, "ಎಂಟು ಸಾ, ಕಲ್ಲು ಇಲ್ಲೇಯ" ಎಂದ. ಪ್ರಭುಸ್ವಾಮಿ ಮಹದೇವುವಿನ ಕೈ ನೋಡಿದ. ಒಂದೇ ಒಂದು ಕಡ್ಡಿ. ಎಂಟು, ಒಂದು, ಒಂಬತ್ತು.

"ಹತ್ತು ಇತ್ತು. ಇನ್ನೊಂದು ಎಲ್ಲಿ?"

"ನಾನ್ ಕಿತ್ಕಂಡಿದ್ದು ಇಷ್ಟೇಯ ಸಾ."

"ದಾರೀಲಿ ಒಂದನ್ನ ಬೀಳಿಸಿಕೊಂಡು ಬಂದಿದ್ದೀಯ. ಅಂದ್ರೆ ಇದು ಒಂಬತ್ತನೇದು. ಕಲ್ಲು ಒಂದು ಸರಪಳಿ ಹಿಂದಕ್ಕೆ ಬರಬೇಕು."

"ಇಲ್ಲಾ ಸಾ, ನನ್ ಎಜ್ಜೆ ಲೆಕ್ಕನೂ ಎಂಟೇ ಬತ್ತದೆ."

"ಹೆಜ್ಜೆ ಲೆಕ್ಕ ಮನೇಲಿಟ್ಟುಕೋ. ಲೆಕ್ಕ ನನಗೆ ಬಿಟ್ಟು ನೀನು ಕಡ್ಡಿ ಹುಡುಕು."

ಇಪ್ಪತ್ತು ಜನ ನಿಂತಿದ್ದರು. ನಲವತ್ತೈದು ದಾಟಿದ ಚಿಕ್ಕಸಿದ್ದಯ್ಯ ಪಂಚೆ ಎತ್ತಿಕಟ್ಟಿ, ಕುಯ್ದ ರಾಗಿಯ ಚೂಪು ಕೂಳೆಗಳ ನಡುವೆ ಮೊಣಕಾಲೂರಿ, ಎರಡೂ ಕೈಯಿಂದ ಮಣ್ಣು ಸವರುತ್ತ ಮರದಿಂದ ಓಣಿಯವರೆಗೂ ಹೋದ, ಓಣಿಯಿಂದ ಮರದವರೆಗೂ ಬಂದ. ಯಾರೋ ಕಿಸಕ್ಕೆಂದರು. ಪ್ರಭುಸ್ವಾಮಿಗೆ ಆಗ ಸಮಾಧಾನವಾಗಿತ್ತು, ಅದನ್ನು ಈಗ ಒಪ್ಪಿಕೊಳ್ಳಬೇಕು. ಊಟದ ಹೊತ್ತಿನಿಂದ ಗಂಟಲಲ್ಲಿ ನಿಂತಿದ್ದದ್ದು ಇಳಿದ ಹಾಗಾಗಿತ್ತು. ಕಡ್ಡಿ ಸಿಗಲಿಲ್ಲ. ಕಲ್ಲನ್ನು ಒಂದು ಸರಪಳಿ ಹಿಂದಕ್ಕೆ ನೆಟ್ಟರು, ಎಂಟು ಇರಬೇಕಾದ್ದು ಏಳಾಯಿತು, ಹುಣಸೆಮರ ಚಿಕ್ಕಬಸಮ್ಮನಿಂದ ಪುಟ್ಟಮಾದಪ್ಪನ ಕಡೆಗೆ ಹೋಯಿತು, ಮಹಜರಿಗೆ ಎಲ್ಲರೂ ಹೆಬ್ಬೆಟ್ಟು ಒತ್ತಿದರು. ಸಂಜೆ ಯಳಂದೂರಿನ ಬಾಡಿಗೆ ಕೋಣೆಯಲ್ಲಿ ನಕ್ಷೆ ತೆಗೆಯಲೆಂದು ಚೀಲಕ್ಕೆ ಕೈಹಾಕಿದರೆ ಬೆರಳಿಗೆ ಕಬ್ಬಿಣ ತಾಗಿತು. ಬೆಳಿಗ್ಗೆ ಗದ್ದೆ ಬದು ದಾಟುವಾಗ ಹೊಸ ಬೂಟಿಗೆ ಕೆಸರು ಮೆತ್ತಿ, ಅದನ್ನು ಕೆರೆದುಕೊಳ್ಳಲು ಕಟ್ಟಿನಿಂದ ಒಂದು ಕಡ್ಡಿ ಎಳೆದುಕೊಂಡಿದ್ದ. ಕೆರೆದು ಚೀಲಕ್ಕೆ ಹಾಕಿ ಮರೆತಿದ್ದ. ತುದಿಯಲ್ಲಿ ಕೆಸರು ಒಣಗಿತ್ತು, ಇನ್ನೊಂದು ತುದಿಯ ಬಳೆಯಂಥ ಹಿಡಿಗೆ ಕಟ್ಟಿದ ಕೆಂಪು ಬಟ್ಟೆ ಹಾಗೆಯೇ ಇತ್ತು.

ನಾಳೆ ಹೋಗಿ ಹೇಳಿದರಾಯಿತು ಎಂದುಕೊಂಡ. ನಾಳೆ ಹೋದರೆ ಪುಟ್ಟಮಾದಪ್ಪನ ಮುಂದೆ, ಆ ಕಿಸಕ್ಕೆಂದವರ ಮುಂದೆ, ಎಲ್ಲರಿಗಿಂತ ಹೆಚ್ಚಾಗಿ ಚಿಕ್ಕಸಿದ್ದಯ್ಯನ ಮುಂದೆ, ನನ್ನ ಬೂಟಿನ ಕೆಸರಿಗಾಗಿ ನಿನ್ನನ್ನು ಮಣ್ಣಲ್ಲಿ ಹೊರಳಿಸಿದೆ ಎನ್ನಬೇಕು. ಮುಂದಿನ ವಾರ ಎಂದುಕೊಂಡ. ಒಂದು ಸಲ ಚಿಕ್ಕಬಸಮ್ಮ ಆಫೀಸಿನ ಕಿಟಕಿಗೆ ಬಂದು, "ಸಾ, ನಮ್ಮತ್ತೆ ನೆಟ್ಟಿದ್ ಮರ ಅದು" ಎಂದಳು. ಮೇಲರ್ಜಿ ಹಾಕ್ಕೋಮ್ಮ ಎಂದು ಕಡತದಿಂದ ತಲೆಯೆತ್ತದೆ ಹೇಳಿದ. ಆಮೇಲೆ ಅವಳು ಬರಲಿಲ್ಲ, ಮೇಲರ್ಜಿಯೂ ಬರಲಿಲ್ಲ. ಮರು ವರ್ಷ ಅವನಿಗೆ ಹನೂರಿಗೆ ವರ್ಗವಾಯಿತು. ಹೊರಡುವ ದಿನ ಚಿಕ್ಕಸಿದ್ದಯ್ಯ ಬಸ್‌ಸ್ಟ್ಯಾಂಡಿಗೆ ಬಂದು ಹಾಸಿಗೆ ಸುರುಳಿಯನ್ನು ಬಸ್ಸಿನ ಮೇಲೆ ಹಾಕಿ, "ಬೆಟ್ಟ ಕಾಣ್ದಿರೋ ಕಡೆ ಗೆರೆ ಸೊಟ್ಟ ಓಗ್ಬುಟ್ಟದು, ಉಸಾರು ಸಾ" ಎಂದು ನಕ್ಕಿದ್ದ. ಕಡ್ಡಿ ಆ ಹಾಸಿಗೆ ಸುರುಳಿಯೊಳಗೇ ಇತ್ತು.

"ಇಲ್ಲೇ! ಮೂರು ಮೀಟರು!" ಹೊಲದೊಳಗೆ ಬಹಳ ಮುಂದೆ ಹೋಗಿದ್ದ ದಿವ್ಯ ಕೂಗಿ ಓಡಿದಳು. ಪ್ರಭುಸ್ವಾಮಿ ನಿಂತ. ಅವನು ನೆಡಿಸಿದ ಕಲ್ಲು ಅಲ್ಲೇ ಇತ್ತು, ಆದರೆ ಬದುವಿನ ಮೇಲಿರಲಿಲ್ಲ. ಹೊಲದ ನಡುವೆ ಒಂಟಿಯಾಗಿ ನಿಂತಿತ್ತು. ಅದರ ಎರಡೂ ಕಡೆ ಒಂದೇ ಹುರುಳಿ ಬೆಳೆದು ಕುಯ್ದ ಗುರುತು. ಕಲ್ಲಿಗೆ ಹಗ್ಗ ಸುತ್ತಿ ಮೂರು ಆಡು ಕಟ್ಟಿದ್ದರು. ಬದು ಇದ್ದದ್ದು ಆಚೆ, ಹುಣಸೆಮರವನ್ನೂ ದಾಟಿ. ಅವನ ಕಣ್ಣು ತಾನಾಗಿಯೇ ಅಳೆಯಿತು. ಒಂದು ಸರಪಳಿ, ಸರಿಯಾಗಿ. ದಿವ್ಯ ಆಡುಗಳನ್ನು ಪುಸಲಾಯಿಸಿ ಪಕ್ಕಕ್ಕೆ ಸರಿಸಿ, ಕಲ್ಲಿನ ಬುಡದ ಚಪ್ಪಡಿ ಎತ್ತಿ, ಪ್ಲಾಸ್ಟಿಕ್ ತಿಂಡಿ ಡಬ್ಬಿಯೊಂದನ್ನು ಎಳೆದು ಗೆದ್ದವಳಂತೆ ಕೈ ಮೇಲೆತ್ತಿದಳು. ಒಳಗೆ ಒಂದು ಗೋಲಿ, ಒಂದು ಕೀಲಿಗೊಂಚಲು, ಮೋಟು ಪೆನ್ಸಿಲು, ಬೆರಳಗಲದ ಪುಸ್ತಕ.

"ಯಾರದು? ಯಾನ ತಗೀತಿದ್ದೀರಿ ಅಲ್ಲಿ?" ಮರದ ಕೆಳಗೆ ಹುಣಸೆಹಣ್ಣು ಆರಿಸುತ್ತಿದ್ದ ಹೆಂಗಸು ಮಡಿಲು ಹಿಡಿದುಕೊಂಡೇ ಬಂದಳು. ಐವತ್ತರ ಹತ್ತಿರದವಳು. ಡಬ್ಬಿ ನೋಡಿ ಮುಖ ಸಡಿಲವಾಯಿತು. "ಓ, ಇದಾ! ಯಾರ್ಯಾರೋ ಬತ್ತರೆ, ತಗ್ದು ನೋಡಿ ನಗ್ತರೆ, ಮಡಗ್ಬುಟ್ಟು ಓಯ್ತರೆ. ಆಡು ಕಡ್ದಾವು ಅಂತ ಮ್ಯಾಲೆ ಚಪ್ಡಿ ಮಡಗಿರದು ನಾನೇಯ. ಅದ್ರಾಗೆ ಯಾನದೆ ಅಂತ ಇಷ್ಟು ದೂರ ಬತ್ತಿರವ್ವ?"

ದಿವ್ಯ ನಗುತ್ತ ವಿವರಿಸತೊಡಗಿದಳು. ಪ್ರಭುಸ್ವಾಮಿ ಕೇಳಿದ, "ಇದು ಚಿಕ್ಕಬಸಮ್ಮನ ಹೊಲ ಅಲ್ಲವಾ?"

"ನಮ್ಮವ್ವ. ಓಗಿ ಆರ್ ವರ್ಸ ಆಯ್ತು. ನಾನ್ ರತ್ನ, ಮಗ್ಳು." ಅವಳು ಕಣ್ಣು ಕಿರಿದು ಮಾಡಿ ಅವನನ್ನು ನೋಡಿದಳು. "ನೀವು ಸರ್ವೆ ಸಾಯೇಬ್ರಲ್ವಾ? ಆಗ ದಪ್ಪ ಮೀಸೆ ಇತ್ತು. ನಾನು ಅತ್ತು ವರ್ಸದೋಳು, ಆ ಓಣಿ ಕಲ್ಲ ಮೇಲೆ ಕುಂತಿದ್ದಿ."

ಹೇಳಬೇಕೆಂದು ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಎಲ್ಲೋ ಹೋಯಿತು. "ಗಡಿಕಲ್ಲು ಇಲ್ಲಿದೆ, ಬದು ಅಲ್ಲಿದೆಯಲ್ಲಮ್ಮ?" ಎಂದಷ್ಟೇ ಬಂತು ಬಾಯಿಗೆ.

ರತ್ನ ನಕ್ಕುಬಿಟ್ಟಳು. "ಅದು ನಿಮ್ ಕಲ್ಲು ಸಾ. ಆಡು ಕಟ್ಟಕ್ಕೆ ಸಂದಾಗದೆ. ನಮ್ ಗಡಿ ಅಲ್ಲದೆ ನೋಡಿ, ಮರದಾಚೆ. ನೀವು ಅತ್ಲಾಗ್ ಓದ್ಮೇಲೆ ಅವತ್ತೇ ಸಂಜೆ ಸಿದ್ದಯ್ಯಪ್ಪ ತಿರ್ಗ ಬಂದ್ರು. ಕಲ್ಲಿನಡಿಗೆ ಆಕಕ್ಕೆ ಅಂತ ತಂದಿದ್ದ ಇದ್ಲಲ್ಲಿ ಅರ್ಧ ಉಳಿಸ್ಕಂಡಿದ್ರು. ಪುಟ್ಟಮಾದಪ್ಪಾರನ್ನೂ ನಮ್ಮವ್ವನ್ನೂ ನಿಲ್ಸ್ಕಂಡು ಎಜ್ಜೆ ಆಕಿ ಅಳ್ದು, ಅಲ್ಲಿ ಗುಂಡಿ ತೋಡಿ ಇದ್ಲು ಉಯ್ದ್ರು. ಕಲ್ಲು ಸರ್ಕಾರದ್ದು, ಎಲ್ ಬೇಕಾದ್ರೂ ಇರ್ಲಿ, ನೀವು ಇದ್ಲು ಏಳ್ದಂಗೆ ಬಾಳಿ ಅಂದ್ರು. ಪುಟ್ಟಮಾದಪ್ಪಾರೂ ಸಿದ್ದಯ್ಯನ್ ಎಜ್ಜೆ ಅಂದ್ರೆ ಎಜ್ಜೆ ಬುಡು ಅಂದ್ರು. ಇವತ್ಗೂ ಅವರ್ ಮನೆಯೋರು ಈ ಮರದ ಒಂದ್ ಕಾಯಿ ಮುಟ್ಟಿಲ್ಲ."

ಗಡಿಕಲ್ಲಿನ ಕೆಳಗೆ ಒಂದು ಹಿಡಿ ಇದ್ದಿಲು ಹೂಳುವುದು ಹಳೆಯ ಪದ್ಧತಿ. ಕಲ್ಲನ್ನು ಯಾರಾದರೂ ಕಿತ್ತು ಸರಿಸಿದರೂ ಇದ್ದಿಲು ಕೊಳೆಯದೆ ಸಾಕ್ಷಿ ಹೇಳುತ್ತದೆ. ಅದನ್ನೂ ಪ್ರಭುಸ್ವಾಮಿಗೆ ಕಲಿಸಿದವನು ಚಿಕ್ಕಸಿದ್ದಯ್ಯನೇ. "ಮತ್ತೆ ನಿಮ್ಮ ತಾಯಿ ಆಫೀಸಿಗೆ ಬಂದಿದ್ದರಲ್ಲ?" ಎಂದ.

"ಪತ್ರದಲ್ಲೂ ಸರಿ ಮಾಡ್ಸ್ಕಳವ ಅಂತ ಬಂದಿದ್ಲು. ಸಿದ್ದಯ್ಯಪ್ಪಂಗೆ ಗೊತ್ತಾಗಿ ಬೈದ್ರು. ಒಸ ಉಡ್ಗ, ಈಗ್ತಾನೆ ಕೆಲ್ಸಕ್ ಸೇರವ್ನೆ, ಮೇಲಿನೋರ್ಗೆ ಬರ್ದಾಕುದ್ರೆ ಒಟ್ಟೆ ಮ್ಯಾಲೆ ಒಡ್ದಂಗಾಯ್ತದೆ, ಮರ ನಿನ್ ತಾವೇ ಅದಲ್ಲ ಸುಮ್ಕಿರು ಅಂದ್ರು."

ಮೂವತ್ತೆಂಟು ವರ್ಷ ಒಂದು ಮರವನ್ನು ಕಸಿದ ಪಾಪವನ್ನು ಹೊತ್ತು, ರಾತ್ರಿ ನಿದ್ದೆಗೆಟ್ಟು, ಮನೆಯ ಸಾರಿಗೆ ಹುಣಸೆಹುಳಿ ಹಿಂಡುವುದನ್ನು ಕಂಡರೂ ಮುಖ ತಿರುಗಿಸಿದವನು ಪ್ರಭುಸ್ವಾಮಿ. ಇಲ್ಲಿ ಅವನ ಪಾಪಕ್ಕೆ ಆಡು ಕಟ್ಟಿಕೊಂಡು ಎಲ್ಲರೂ ನೆಮ್ಮದಿಯಾಗಿದ್ದರು. ಎದೆ ಹಗುರವಾಯಿತು, ಮರುಕ್ಷಣವೇ ಆ ಹಗುರಕ್ಕೆ ನಾಚಿಕೆಯೂ ಆಯಿತು. ಹಾಗಾದರೆ ಚೀಲದಲ್ಲಿರುವುದನ್ನು ತೆಗೆಯಬೇಕಾಗಿಲ್ಲ, ನೀರು ಕುಡಿದು ಹೊರಡಬಹುದು ಎಂದು ಮನಸ್ಸಿನ ಒಂದು ಮೂಲೆ ಆಗಲೇ ಲೆಕ್ಕ ಹಾಕುತ್ತಿತ್ತು.

"ಒಂದೇ ಒಂದು ಕೊರ್ಗು ಅವ್ರಿಗೆ" ಎಂದಳು ರತ್ನ, ಮಡಿಲಿನ ಹಣ್ಣನ್ನು ಬುಟ್ಟಿಗೆ ಸುರಿಯುತ್ತ. "ಆ ಕಡ್ಡಿ. ಲೆಕ್ಕ ನಂದೇ ಸರಿ ಕಣವ್ವ, ಆದ್ರೆ ಸರ್ಕಾರದ್ ಕಡ್ಡಿ ಒಂದು ನನ್ ಕೈಲಿ ಕಳ್ದೋಯ್ತಲ್ಲ, ನನ್ ಸರ್ವೀಸಲ್ಲಿ ಅದೊಂದೇಯ ಕಳ್ದಿದ್ದು ಅಂತಿದ್ರು. ಈ ಕಡೆ ಬಂದಾಗ್ಲೆಲ್ಲ ಉತ್ತ ಸಾಲಲ್ಲಿ ಬಗ್ಗ್ ಬಗ್ಗಿ ನೋಡ್ಕಂಡೇ ಓಗೋರು. ರಿಟೇರ್ ಆದ್ಮೇಲೂವೆ. ಕೊನೆಕೊನೆಗೆ ಕಣ್ ಕಾಣ್ತಿರ್ಲಿಲ್ಲ, ಕೋಲಲ್ಲಿ ಮಣ್ ಕೆದುಕ್ ನೋಡೋರು."

ದಿವ್ಯ ಪುಸ್ತಕದಿಂದ ತಲೆಯೆತ್ತಿದಳು. "ಪಾಪ" ಎಂದಳು. ಪ್ರಭುಸ್ವಾಮಿ ಚೀಲಕ್ಕೆ ಕೈಹಾಕಿ ಪೇಪರು ಬಿಚ್ಚಿದ. ಕೆಂಪು ಬಟ್ಟೆ ಮಾಸಿ ಕಂದು ಬಣ್ಣಕ್ಕೆ ತಿರುಗಿತ್ತು. ರತ್ನ ನೋಡಿದವಳೇ ಎದೆ ಮೇಲೆ ಕೈ ಇಟ್ಟುಕೊಂಡಳು.

"ಅಯ್ಯೋ ಶಿವ್ನೆ, ಸಿಕ್ತಾ! ಎಲ್ಲಿತ್ತು ಸಾ? ಇಲ್ಲೇ ಸಿಕ್ತಾ?"

ಅವಳ ಮುಖದಲ್ಲಿ ಹತ್ತು ವರ್ಷದ ಹುಡುಗಿ ಎದ್ದು ನಿಂತಿದ್ದಳು. ಹೂಂ ಎಂದರೆ ಸಾಕಿತ್ತು. ಓಣಿಯ ಮಣ್ಣಲ್ಲಿ ಸಿಕ್ಕಿತು, ಈಗತಾನೆ, ಬರುವಾಗ. ಹೇಗೂ ಇವತ್ತು ಹುಡುಕುವ ದಿನ. ಅವಳಿಗೂ ಸಂತೋಷ, ಮಗಳಿಗೂ ಸಂತೋಷ, ಸತ್ತವನಿಗೂ ಏನೋ ಒಂದು ಸಂದ ಹಾಗೆ. ನಾಲಿಗೆಯ ತುದಿಯವರೆಗೂ ಬಂತು.

"ಇಲ್ಲ ಕಣಮ್ಮ" ಎಂದ ಪ್ರಭುಸ್ವಾಮಿ. "ಇದು ಕಳೆದೇ ಇರಲಿಲ್ಲ. ಬೆಳಿಗ್ಗೆ ಬೂಟಿನ ಕೆಸರು ಕೆರೆಯೋಕೆ ನಾನೇ ತಗೊಂಡಿದ್ದೆ. ನನ್ನ ಚೀಲದಲ್ಲಿತ್ತು. ಅವತ್ತು ಸಂಜೆಯೇ ಗೊತ್ತಾಯ್ತು ನನಗೆ."

ಆಡೊಂದು ಸೀನಿತು. ದಿವ್ಯ ಅಪ್ಪನನ್ನೇ ನೋಡುತ್ತಿದ್ದಳು. ಅವಳ ಕಡೆ ತಿರುಗಲು ಅವನಿಗೆ ಆಗಲಿಲ್ಲ. ರತ್ನ ಕೈ ಚಾಚಿ ಕಡ್ಡಿ ಇಸಿದುಕೊಂಡು, ತಿರುಗಿಸಿ ನೋಡಿ, ತುದಿಯ ತುಕ್ಕನ್ನು ಹೆಬ್ಬೆರಳಲ್ಲಿ ಉಜ್ಜಿದಳು. ಬೈದರೆ ಚೆನ್ನಾಗಿತ್ತು. ಆಮೇಲೆ ಅದನ್ನು ಅವನ ಕೈಗೇ ವಾಪಸು ಕೊಟ್ಟಳು. ಪ್ರಭುಸ್ವಾಮಿ ಹದಿಮೂರು ಹೆಜ್ಜೆ ನಡೆದು ಮರದಾಚೆಯ ಬದುವಿಗೆ ಹೋಗಿ, ಇದ್ದಿಲು ಇರುವ ಜಾಗ ಇದೇ ಇರಬೇಕೆಂದು ಅಂದಾಜು ಮಾಡಿ, ಕಷ್ಟಪಟ್ಟು ಮೊಣಕಾಲೂರಿದ. ಕೂಳೆ ಪ್ಯಾಂಟನ್ನೂ ತೂರಿ ಚುಚ್ಚಿತು. "ಇಲ್ಲೇ ನೆಟ್ಟುಬಿಡ್ತೀನಿ ಕಣಮ್ಮ, ಎಂಟನೇದರ ಜಾಗದಲ್ಲಿ. ಇದು ಇಲ್ಲಿರಬೇಕಾದ್ದು" ಎಂದ.

"ಬ್ಯಾಡಿ ಸಾ" ಎಂದಳು ರತ್ನ, ಅವನ ಹಿಂದೆಯೇ ಬಂದು ನಿಂತು. ದನಿಯಲ್ಲಿ ಸಿಟ್ಟಿರಲಿಲ್ಲ. "ಆಡು ಮೇಯೋ ಜಾಗ, ಕಾಲ್ಗೆ ಚುಚ್ಕತದೆ. ಇಷ್ಟ್ ವರ್ಸ ಮಡೀಕಂಡಿದ್ದೀರಲ್ಲ, ನೀವೇ ಮಡೀಕಳಿ."

ಅವಳು ಕಲ್ಲಿನಿಂದ ಹಗ್ಗ ಬಿಚ್ಚಿ, ಬುಟ್ಟಿಯನ್ನು ಸೊಂಟಕ್ಕೇರಿಸಿ, ಆಡು ಹೊಡೆದುಕೊಂಡು ಓಣಿಯ ಕಡೆ ನಡೆದಳು. ಬೆಟ್ಟದ ಮೇಲೆ ಬಿಸಿಲು ಹಳದಿಗೆ ತಿರುಗುತ್ತಿತ್ತು. ದಿವ್ಯ ಬಂದು ಪಕ್ಕದಲ್ಲಿ ಕೂತಳು. ಅಪ್ಪನನ್ನು ಏಳಿಸಲು ಕೈ ಕೊಡಲಿಲ್ಲ, ಪೆನ್ಸಿಲನ್ನೇ ತಿರುಗಿಸುತ್ತಿದ್ದಳು.

"ಪುಸ್ತಕದಲ್ಲಿ ಬರೆದಿಟ್ಟು ಹೋಗ್ಬೇಕು ಅಪ್ಪಾ" ಎಂದಳು ಕೊನೆಗೆ. "ಹುಡುಕಿದವರ ಹೆಸರು?"

"ಚಿಕ್ಕಸಿದ್ದಯ್ಯ ಅಂತ ಬರಿ."

ಅವಳು ಬರೆದಳು. "ನಾವು ಬಿಟ್ಟು ಹೋಗ್ತಿರೋದು?"

ಪ್ರಭುಸ್ವಾಮಿ ಕಡ್ಡಿಯನ್ನು ಮತ್ತೆ ಅದೇ ಪೇಪರಿನಲ್ಲಿ ಸುತ್ತಿ ಚೀಲದೊಳಗೆ ಇಟ್ಟುಕೊಂಡ.

"ಏನೂ ಇಲ್ಲ ಅಂತ ಬರಿ."